ಚೀಟಿ ಕತ್ತರಿಸಬೇಡಿ, ಕಾರ್ಡು ಇಡಿಯಾಗಿರಲಿ

ಡೆನ್ಮಾರ್ಕಿನ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಡಿಸೆಂಬರ್ 30ರಂದು ತನ್ನ ಕೊನೆಯ ಪತ್ರವನ್ನು ಬಟವಾಡೆ ಮಾಡಿತು. ಅಲ್ಲಿ 1624ರಿಂದ ನಡೆದುಬಂದಿದ್ದ ಕೆಲಸವದು. 2000ನೇ ಇಸವಿಯಿಂದೀಚೆಗೆ ಆ ದೇಶದ ಪತ್ರಗಳ ಸಂಖ್ಯೆ ಶೇಕಡಾ 90ರಷ್ಟು ಇಳಿದಿತ್ತು. ಬೀದಿಬದಿಯ ಕೆಂಪು ಡಬ್ಬಿಗಳನ್ನು ತೆಗೆಯುವ ಕೆಲಸ ವರ್ಷದ ನಡುವೆಯೇ ಶುರುವಾಗಿತ್ತು. ಈಗ ಖಾಸಗಿ ಕಂಪನಿಯೊಂದು ಆ ಹೊಣೆ ಹೊತ್ತಿರುವುದರಿಂದ ಡೆನ್ಮಾರ್ಕಿಗೆ ಕಾಗದ ಹೋಗುವುದು ಪೂರ್ತಿ ನಿಂತಿಲ್ಲ. ಆದರೂ ಸುದ್ದಿ ಓದಿದ ಸಂಜೆ ನಾನು ಆಲ್ಬಮ್‌ಗಳನ್ನು ಕೆಳಗಿಳಿಸಿದೆ. 'ಡಾನ್ಮಾರ್ಕ್' ಎಂದು ಅಚ್ಚಾದ ಚೀಟಿಗಳು ನನ್ನಲ್ಲಿ ಎಷ್ಟಿವೆ, ಅವುಗಳಲ್ಲಿ ಎಷ್ಟು ಇನ್ನೂ ಕಾರ್ಡಿನ ಮೇಲೇ ಕೂತಿವೆ ಎಂದು ನೋಡಬೇಕಿತ್ತು.

ಎರಡನೆಯ ಲೆಕ್ಕವೇ ನನಗೆ ಮುಖ್ಯ. ಹೊರದೇಶದ ಅಂಚೆಚೀಟಿ ಸಂಗ್ರಹವನ್ನು ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಕತ್ತರಿಯಿಂದ. ದುಬೈಯಲ್ಲಿದ್ದ ಚಿಕ್ಕಪ್ಪನ ಕಾಗದವೋ, ಅಮೆರಿಕಕ್ಕೆ ಓದಲು ಹೋದ ಪಕ್ಕದ ಮನೆ ಅಕ್ಕನ ಕವರೋ ಬಂದರೆ ಸಾಕು, ಮೂಲೆ ಕತ್ತರಿಸಿ ತಟ್ಟೆಯ ನೀರಿನಲ್ಲಿ ನೆನೆಹಾಕುವುದು, ಅಂಟು ಬಿಟ್ಟ ಮೇಲೆ ಹಳೆಯ ಪತ್ರಿಕೆಯ ನಡುವೆ ಒಣಗಿಸುವುದು, ಆಮೇಲೆ ನೋಟ್‌ಬುಕ್ಕಿಗೆ ಅಂಟಿಸುವುದು. ಉಳಿದ ಕಾಗದ ಬಚ್ಚಲ ಒಲೆಗೆ. ಚೀಟಿಯೇನೋ ಉಳಿಯಿತು, ಅದನ್ನು ಕಳಿಸಿದವರು ಯಾರು, ಯಾವ ಊರಿನಿಂದ ಯಾವ ದಿನ ಹೊರಟಿತು, ಯಾರ ಹೆಸರಿಗೆ ಬಂತು ಎಂಬುದೆಲ್ಲ ಬೂದಿಯಾಯಿತು. ಒಬ್ಬರು ನಿಮಗೆಂದೇ ಕೈಯಾರೆ ಬರೆದು ಕಳಿಸಿದ ಕಾರ್ಡಿನ ಮೇಲಿರುವ ತೀರಾ ಸಾಧಾರಣ ಚೀಟಿಯೂ ಅಂಗಡಿಯ ಪೊಟ್ಟಣದಲ್ಲಿ ಕೊಂಡ ಅಪರೂಪದ ಚೀಟಿಗಿಂತ ಹೆಚ್ಚು ಸಂತೋಷ ಕೊಡುತ್ತದೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಅದನ್ನು ಕಾರ್ಡಿನಿಂದ ಬಿಡಿಸಬಾರದು ಎಂದೂ.

ಅಂಥ ಕಾರ್ಡು ಈಗ ಬರುವುದಾದರೂ ಎಲ್ಲಿಂದ ಎಂದು ಕೇಳುವವರಿದ್ದಾರೆ. ಚಿಕ್ಕಪ್ಪ ವಾಟ್ಸ್‌ಆ್ಯಪ್‌ನಲ್ಲಿದ್ದಾರೆ, ಅಕ್ಕ ವಿಡಿಯೊ ಕಾಲ್ ಮಾಡುತ್ತಾಳೆ. ಕಾರ್ಡು ಬರುವುದು ಅಪರಿಚಿತರಿಂದ. 2005ರ ಜುಲೈ 14ರಂದು ಪೋರ್ಚುಗಲ್ಲಿನ ಪಾವುಲೊ ಮಗಲ್ಯಾಯ್ಸ್ ಎಂಬ ಯುವಕ ಪೋಸ್ಟ್‌ಕ್ರಾಸಿಂಗ್ ಎಂಬ ವಿನಿಮಯ ಏರ್ಪಾಟನ್ನು ಶುರುಮಾಡಿದ. ಟಪಾಲಿನಲ್ಲಿ ಕಾರ್ಡು ಬಂದರೆ ಅವನಿಗೆ ಖುಷಿ. ತನ್ನ ಹಾಗೆ ಖುಷಿಪಡುವವರು ಬೇರೆ ಕಡೆಯೂ ಇರಬಹುದು ಎಂಬ ಊಹೆಯಷ್ಟೇ ಅದರ ಬಂಡವಾಳ. ಇವತ್ತಿಗೆ ಅದರ ಮೂಲಕ ಕೋಟಿಗಟ್ಟಲೆ ಕಾರ್ಡುಗಳು ದೇಶದಿಂದ ದೇಶಕ್ಕೆ ಹೋಗಿ ತಲುಪಿವೆ. ಜರ್ಮನಿ, ರಷ್ಯಾ, ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ತೈವಾನ್‌ಗಳಲ್ಲಿ ಇದರ ಮಂದಿ ಬಹಳ. ನೆದರ್ಲೆಂಡ್ಸಿನ ಅಂಚೆ ಸಂಸ್ಥೆ 2011ರಲ್ಲಿ ಈ ಹವ್ಯಾಸದ ಹೆಸರಿನಲ್ಲೇ ಅಂಚೆಚೀಟಿ ತಂದಿತು. ಆಮೇಲೆ ಬೇರೆ ಬೇರೆ ದೇಶಗಳೂ ತಂದವು.

ಪೋಸ್ಟ್‌ಕ್ರಾಸಿಂಗ್‌ನ ನಿಯಮ ನನಗೆ ಬಹಳ ಇಷ್ಟ. ಇಲ್ಲಿ ಮೊದಲು ಕೊಡಬೇಕು. ಹೆಸರು ನೋಂದಾಯಿಸಿ ಕೇಳಿದರೆ ಯಾವುದೋ ದೇಶದ ಯಾರದೋ ವಿಳಾಸ ಕೊಡುತ್ತಾರೆ, ಜೊತೆಗೆ ಒಂದು ಕಾರ್ಡು ಸಂಖ್ಯೆ. ಭಾರತದಿಂದ ಹೊರಡುವ ಕಾರ್ಡಾದರೆ ಅದು ಐ ಎನ್ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕಬೇಕು. ಅದು ತಲುಪಿ, ಆ ಕಡೆಯವರು ಸಂಖ್ಯೆಯನ್ನು ದಾಖಲಿಸಿದ ಮೇಲೆ ನಿಮ್ಮ ವಿಳಾಸ ಮತ್ತೊಬ್ಬರಿಗೆ ಹೋಗುತ್ತದೆ. ನೀವು ಯಾರಿಗೆ ಕಳಿಸಿದಿರೋ ಅವರಿಂದ ನಿಮಗೆ ಕಾರ್ಡು ಬರುವುದಿಲ್ಲ. ನೀವು ಎಸ್ತೋನಿಯಾದ ಶಾಲಾ ಹುಡುಗನಿಗೆ ಬರೆದಿದ್ದರೆ, ನಿಮಗೆ ಬ್ರೆಜಿಲ್ಲಿನ ಗ್ರಂಥಪಾಲಕಿ ಬರೆಯಬಹುದು. ಹೊಸಬರಿಗೆ ಒಂದು ಸಲಕ್ಕೆ ಐದು ಕಾರ್ಡು ಕಳಿಸಲು ಮಾತ್ರ ಅವಕಾಶ. ಕಳಿಸಿದಷ್ಟೂ ಮಿತಿ ಹಿಗ್ಗುತ್ತದೆ. 60 ದಿನಗಳಲ್ಲಿ ತಲುಪದ ಕಾರ್ಡಿನ ಜಾಗ ಖಾಲಿಯಾಗಿ ಇನ್ನೊಂದು ಕಳಿಸಬಹುದು, ಆದರೆ ತಡವಾಗಿ ತಲುಪಿದರೆ ಒಂದು ವರ್ಷದವರೆಗೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೊಟ್ಟವರ ಕಡೆಯಿಂದಲೇ ಮರಳಿ ಬರಬೇಕೆಂಬ ಹಟವಿಲ್ಲದೆ ಇಷ್ಟು ವರ್ಷ, ಇಷ್ಟು ದೇಶಗಳ ಜನ ಕಾರ್ಡು ಬರೆಯುತ್ತ ಬಂದಿದ್ದಾರೆ ಎನ್ನುವುದು ನನಗೆ ಈಗಲೂ ಸೋಜಿಗ.

ಇಡೀ ಜಗತ್ತಿನ ಅಂಚೆ ವ್ಯವಸ್ಥೆಯೇ ಒಂದು ಕಾಲದಲ್ಲಿ ಇಂಥದೇ ನಂಬಿಕೆಯ ಮೇಲೆ ನಿಂತಿತ್ತು. ಅದರ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಪ್ರತಿ ದೇಶ ಇನ್ನೊಂದು ದೇಶದೊಡನೆ ಪ್ರತ್ಯೇಕ ಅಂಚೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಪತ್ರ ಯಾವ ದಾರಿಯಲ್ಲಿ, ಯಾರ ಹಡಗಿನಲ್ಲಿ, ಎಷ್ಟು ರಾಜ್ಯಗಳನ್ನು ದಾಟಿ ಹೋಗುತ್ತದೆ ಎಂಬುದರ ಮೇಲೆ ದರ ಬದಲಾಗುತ್ತಿತ್ತು. ಸಾಮಾನ್ಯರಿಗೆ ಆ ಲೆಕ್ಕ ತಿಳಿಯುತ್ತಿರಲಿಲ್ಲ, ತಿಳಿದರೂ ಕೊಡುವಷ್ಟು ಹಣವಿರುತ್ತಿರಲಿಲ್ಲ. ಜರ್ಮನಿಯ ಅಂಚೆ ಮುಖ್ಯಸ್ಥ ಹೈನ್ರಿಕ್ ಫಾನ್ ಸ್ಟೆಫಾನ್ ಮುಂದೆ ನಿಂತು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸಭೆ ಸೇರಿಸಿದ. 1874ರ ಅಕ್ಟೋಬರ್ 9ರಂದು ಅಲ್ಲಿ 22 ದೇಶಗಳ ಒಪ್ಪಂದ ಹುಟ್ಟಿತು. ಈಗ ನಾವು ವಿಶ್ವ ಅಂಚೆ ದಿನ ಆಚರಿಸುವುದು ಅದೇ ತಾರೀಖಿಗೆ. ಒಪ್ಪಂದಕ್ಕೆ ಸೇರಿದ ದೇಶಗಳೆಲ್ಲ ಪತ್ರದ ಪಾಲಿಗೆ ಒಂದೇ ನಾಡು ಎಂದು ಅವರು ತೀರ್ಮಾನಿಸಿದರು. ಎರಡು ವರ್ಷಕ್ಕೆ, 1876ರ ಜುಲೈಯಲ್ಲಿ, ಭಾರತವೂ ಸೇರಿತು. ಆ ಒಪ್ಪಂದದಿಂದ ಬೆಳೆದ ವಿಶ್ವ ಅಂಚೆ ಒಕ್ಕೂಟದಲ್ಲಿ ಇಂದು 192 ದೇಶಗಳಿವೆ.

ಆ ಒಪ್ಪಂದದಲ್ಲಿದ್ದ ಹಣದ ಏರ್ಪಾಟನ್ನು ಓದಿದಾಗಲೆಲ್ಲ ನನಗೆ ಅದನ್ನು ಬರೆದವರ ಮೇಲೆ ಗೌರವ ಹುಟ್ಟುತ್ತದೆ. ಮೈಸೂರಿನಿಂದ ಬರ್ಲಿನ್ನಿಗೆ ಹೋಗುವ ಪತ್ರಕ್ಕೆ ಚೀಟಿ ಮಾರಿದ ಹಣವೆಲ್ಲ ಭಾರತದ್ದು. ಬರ್ಲಿನ್ನಿನಲ್ಲಿ ಅದನ್ನು ಮನೆ ಬಾಗಿಲಿಗೆ ಮುಟ್ಟಿಸುವ ಅಂಚೆಯವನ ಸಂಬಳ ಜರ್ಮನಿಯದು. ಅದಕ್ಕೆ ಭಾರತ ಏನೂ ಕೊಡಬೇಕಿಲ್ಲ. ಯಾಕೆಂದರೆ, ಹೋದ ಪತ್ರಕ್ಕೆ ಸಾಮಾನ್ಯವಾಗಿ ಉತ್ತರ ಬರುತ್ತದೆ, ಆ ಉತ್ತರದ ಚೀಟಿಯ ಹಣ ಜರ್ಮನಿಗೆ ಸಿಗುತ್ತದೆ, ಒಟ್ಟಿನಲ್ಲಿ ಲೆಕ್ಕ ಸರಿಹೋಗುತ್ತದೆ. ಬರೆದವರಿಗೆ ಮರುಬರೆಯುತ್ತಾರೆ ಎಂಬ ಎಣಿಕೆಯ ಮೇಲೆ ಸರ್ಕಾರಗಳು ಸುಮಾರು ಒಂದು ಶತಮಾನ ಕಾಲ ಅಂಚೆ ನಡೆಸಿದವು. ಪತ್ರಿಕೆ, ಜಾಹೀರಾತುಗಳು ಹೆಚ್ಚಾಗಿ, ಕೆಲವು ದೇಶಗಳಿಗೆ ಬರುವ ಹೊರೆ ಹೋಗುವುದಕ್ಕಿಂತ ಬಹಳ ಜಾಸ್ತಿಯಾದ ಮೇಲೆ 1969ರ ಟೋಕಿಯೊ ಅಧಿವೇಶನದಲ್ಲಿ ಇದನ್ನು ಬದಲಿಸಿ, ತಲುಪಿಸುವ ದೇಶಕ್ಕೂ ಪಾಲು ಕೊಡುವ ಕ್ರಮ ತಂದರು. ಬಟವಾಡೆಗೆ ಖರ್ಚಿದೆಯಲ್ಲ, ಬದಲಾವಣೆ ನ್ಯಾಯವೇ. ಆದರೆ ಅಪರಿಚಿತರಿಗೆ ಮೊದಲು ಕೊಡುವ ಇವತ್ತಿನ ಕಾರ್ಡಿನವರು ಬರ್ನ್ ನಗರದ ಆ ಹಳೆಯ ಲೆಕ್ಕವನ್ನು ತಮಗೆ ಗೊತ್ತಿಲ್ಲದೆಯೇ ಮುಂದುವರಿಸಿದ್ದಾರೆ.

ಕಾರ್ಡಿನ ಹುಟ್ಟು ಬರ್ನ್ ಒಪ್ಪಂದಕ್ಕೂ ಐದು ವರ್ಷ ಹಿಂದಿನದು. ಚಿಕ್ಕ ಸುದ್ದಿಗೂ ಕಾಗದ, ಕವರು, ಉಭಯಕುಶಲೋಪರಿ ಎಲ್ಲ ಏಕೆ ಬೇಕು ಎಂದು ಅರ್ಥಶಾಸ್ತ್ರಜ್ಞ ಎಮಾನುಯೆಲ್ ಹೆರ್ಮಾನ್ 1869ರ ಜನವರಿಯಲ್ಲಿ ವಿಯೆನ್ನಾದ ಪತ್ರಿಕೆಯೊಂದರಲ್ಲಿ ಬರೆದ. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಸ್ಟ್ರಿಯಾ-ಹಂಗೇರಿ ಜಗತ್ತಿನ ಮೊದಲ ಅಂಚೆ ಕಾರ್ಡನ್ನು ಮಾರಾಟಕ್ಕಿಟ್ಟಿತು. ಮೂರು ತಿಂಗಳಲ್ಲಿ ಸುಮಾರು 30 ಲಕ್ಷ ಕಾರ್ಡು ಖರ್ಚಾದವು. ನಮ್ಮಲ್ಲಿ 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂತು, ಹೊರದೇಶಕ್ಕೆ ಒಂದೂವರೆ ಆಣೆಯದು. ಹಳೆಯ ಚಿತ್ರದ ಕಾರ್ಡುಗಳನ್ನು ನೋಡಿದವರಿಗೆ ಒಂದು ವಿಚಿತ್ರ ಕಂಡಿರುತ್ತದೆ: ಸುಂದರವಾದ ಸೇತುವೆಯ ಚಿತ್ರದ ಮೇಲೇ ಅಡ್ಡಾದಿಡ್ಡಿ ಬರವಣಿಗೆ. ಆಗ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಒಕ್ಕಣೆಗೆ ಚಿತ್ರದ ಸುತ್ತಲಿನ ಅಂಚೇ ಗತಿ. 1902ರಲ್ಲಿ ಬ್ರಿಟನ್ ಹಿಂಬದಿಯನ್ನು ನಡುವೆ ಗೆರೆ ಎಳೆದು ಎರಡು ಮಾಡಲು ಒಪ್ಪಿತು, ಉಳಿದ ದೇಶಗಳು ಹಿಂಬಾಲಿಸಿದವು. ಈಗ ನಾವು ಎಡಕ್ಕೆ ಮಾತು, ಬಲಕ್ಕೆ ವಿಳಾಸ ಬರೆಯುವುದು ಅಂದಿನ ಗೆರೆಯಿಂದ.

ಆ ಎಡಭಾಗದ ಅಂಗೈಯಗಲ ಜಾಗದಲ್ಲಿ ಏನು ಬರೆಯುವುದು ಎಂಬುದು ಹೊಸಬರ ದೊಡ್ಡ ಚಿಂತೆ. 'ನಮಸ್ಕಾರ, ನಾನು ಭಾರತದವಳು, ನಿಮಗೆ ಶುಭವಾಗಲಿ' ಎಂದು ಬರೆದ ಕಾರ್ಡು ತಲುಪುತ್ತದೆ, ನೆನಪಿನಲ್ಲಿ ಉಳಿಯುವುದಿಲ್ಲ. ನನಗೆ ಬಂದವುಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ಓದುವುದು ತೀರಾ ಚಿಕ್ಕ ಸಂಗತಿಗಳನ್ನು ಬರೆದವರ ಕಾರ್ಡುಗಳನ್ನು. ಫಿನ್ಲೆಂಡಿನ ನಿವೃತ್ತ ದಾದಿಯೊಬ್ಬರು ತಮ್ಮ ಕಾಡಿನಲ್ಲಿ ಆ ವರ್ಷ ಹಣ್ಣು ಕಡಿಮೆಯಾಗಿ ಜಾಮ್ ಬಾಟಲಿಗಳು ಖಾಲಿ ಉಳಿದವೆಂದು ಬರೆದಿದ್ದರು. ತೈವಾನಿನ ಕಾಲೇಜು ಹುಡುಗಿ ಬಸ್ಸಿನಲ್ಲಿ ನಿಂತುಕೊಂಡೇ ಬರೆದು ಅಕ್ಷರ ಕುಣಿದಿದ್ದಕ್ಕೆ ಕ್ಷಮೆ ಕೇಳಿದ್ದಳು. ಇವು ಯಾವ ಪ್ರವಾಸ ಪುಸ್ತಕದಲ್ಲೂ ಸಿಗುವುದಿಲ್ಲ. ಹಾಗಾಗಿ ನಾವೂ ನಮ್ಮ ಮನೆಯ ಮುಂದಿನ ದಿನವನ್ನೇ ಬರೆಯೋಣ: ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಿರುತ್ತೇವೆ, ಜೋಳದ ರೊಟ್ಟಿ ತಟ್ಟುವ ಸದ್ದು ಹೇಗಿರುತ್ತದೆ, ಈ ಸಲ ಮುಂಗಾರು ಯಾವ ವಾರ ಬಂತು. ನಿಮ್ಮ ಲಿಪಿಯಲ್ಲಿ ಒಂದು ಸಾಲು ಬರೆಯಿರಿ ಎಂದು ಹೊರದೇಶದವರು ಎಷ್ಟೋ ಸಲ ಕೇಳಿಕೊಳ್ಳುತ್ತಾರೆ. ದುಂಡಗೆ ಕನ್ನಡದಲ್ಲಿ ಒಂದು ಸಾಲು ಬರೆದು, ಕೆಳಗೆ ಅದರ ಅರ್ಥ ಕೊಟ್ಟರೆ ಅವರು ಅದನ್ನು ಗೋಡೆಗೆ ಹಾಕಿಕೊಳ್ಳುತ್ತಾರೆ.

ಕೆಲವು ವ್ಯಾವಹಾರಿಕ ಮಾತುಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ 50 ಪೈಸೆಯ ಕಾರ್ಡು ದೇಶದೊಳಗಿನದು. ಹೊರದೇಶದ ಕಾರ್ಡಿಗೆ ಬೇರೆ ದರವಿದೆ, ಅದು ಆಗಾಗ ಬದಲಾಗುವುದರಿಂದ ಕೌಂಟರಿನಲ್ಲಿ ಕೇಳಿಯೇ ಚೀಟಿ ಹಚ್ಚಬೇಕು. ವಿಳಾಸ ರೋಮನ್ ಅಕ್ಷರದಲ್ಲಿ, ದೇಶದ ಹೆಸರು ಕೊನೆಯ ಸಾಲಿನಲ್ಲಿ ದೊಡ್ಡದಾಗಿ ಇರಲಿ. ಮೂಲೆಯಲ್ಲಿ 'ಪಾರ್ ಆವಿಯೋಂ' ಎಂದು ಬರೆಯುವ ರೂಢಿ ಇರುವುದು ಫ್ರೆಂಚ್ ಅಂಚೆ ಒಕ್ಕೂಟದ ಅಧಿಕೃತ ಭಾಷೆಯಾದ್ದರಿಂದ; ವಿಮಾನದಲ್ಲಿ ಹೋಗಬೇಕಾದದ್ದು ಎಂದು ಅದರಿಂದ ಎಲ್ಲ ದೇಶದ ವಿಂಗಡಣೆಗಾರರಿಗೂ ತಿಳಿಯುತ್ತದೆ. ಊರಿನ ಚಿತ್ರದ ಕಾರ್ಡು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಇದು ನಿಜವಾದ ಕೊರತೆ. ಹಂಪಿ, ಬಾದಾಮಿಗಳಿಗೆ ಬರುವಷ್ಟು ಜನಕ್ಕೆ ಒಳ್ಳೆಯ ಫೋಟೊ, ಗಟ್ಟಿ ಕಾಗದ, ಹಿಂದೆ ಎರಡು ಸಾಲು ವಿವರಣೆ ಇರುವ ಕಾರ್ಡುಗಳನ್ನು ಅಚ್ಚುಹಾಕಿ ಮಾರುವುದು ಕಷ್ಟದ ಕೆಲಸವೇನಲ್ಲ. ಅಲ್ಲಿಯವರೆಗೆ ದಪ್ಪ ಡ್ರಾಯಿಂಗ್ ಹಾಳೆಯನ್ನು ಕತ್ತರಿಸಿ ಮಕ್ಕಳಿಂದ ರಂಗೋಲಿಯನ್ನೋ ಎತ್ತಿನ ಗಾಡಿಯನ್ನೋ ಬರೆಸಿ ಕಳಿಸಬಹುದು. ಪಡೆದವರು ಅದನ್ನೇ ಹೆಚ್ಚು ಮೆಚ್ಚುತ್ತಾರೆ.

ಇನ್ನು ಚೀಟಿ. ಕಾರ್ಡಿನ ಬಲಮೂಲೆಯ ಆ ತುಂಡು ಕಾಗದವನ್ನು ಒಂದು ಸರ್ಕಾರ ತನ್ನ ಬಗ್ಗೆ ತಾನೇ ಆರಿಸಿ ಹೇಳಿಕೊಂಡ ಮಾತು ಎಂದು ಓದಬೇಕು. ಮೊದಲಿಗೆ ಹೆಸರನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಚೀಟಿಯಲ್ಲಿ ಆ ಹೆಸರಿರುವುದಿಲ್ಲ, 'ಹೆಲ್ವೇಶಿಯ' ಎಂದಿರುತ್ತದೆ. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ನಾಲ್ಕೂ ಆಡುವ ದೇಶ ಯಾರ ಮನಸ್ಸೂ ನೋಯದಂತೆ ಹಳೆಯ ಲ್ಯಾಟಿನ್ ಹೆಸರನ್ನು ಇಟ್ಟುಕೊಂಡಿದೆ. ಫಿನ್ಲೆಂಡ್ 'ಸುವೋಮಿ', ಹಂಗೇರಿ 'ಮಗ್ಯಾರೊರ್ಸಾಗ್', ಗ್ರೀಸ್ 'ಹೆಲ್ಲಾಸ್'. ಜಪಾನ್ 1966ರಿಂದ ರೋಮನ್ ಅಕ್ಷರದಲ್ಲಿ 'ನಿಪ್ಪೋನ್' ಎಂದು ಸೇರಿಸಿತು. ಹೆಸರೇ ಇಲ್ಲದ ಚೀಟಿ ಸಿಕ್ಕಿ ಮೂಲೆಯಲ್ಲಿ ಅರಸನದೋ ಅರಸಿಯದೋ ತಲೆ ಕಂಡರೆ ಅದು ಬ್ರಿಟನ್ನಿನದು. 1840ರ ಮೇ ತಿಂಗಳಲ್ಲಿ ರೋಲೆಂಡ್ ಹಿಲ್ ಅವರ ಅಂಚೆ ಸುಧಾರಣೆಯಿಂದ ಪೆನ್ನಿ ಬ್ಲ್ಯಾಕ್ ಎಂಬ ಚೀಟಿ ಬಂದಾಗ ಜಗತ್ತಿನಲ್ಲಿ ಬೇರೆ ಅಂಚೆಚೀಟಿಯೇ ಇರಲಿಲ್ಲ, ಹೆಸರು ಬರೆಯುವ ಪ್ರಶ್ನೆ ಏಳಲಿಲ್ಲ. ಆ ಹಿರಿತನವನ್ನು ಉಳಿದ ದೇಶಗಳು ಇಂದಿಗೂ ಮನ್ನಿಸುತ್ತವೆ. 1969ರಲ್ಲಿ ಗಾಂಧೀಜಿಯವರ ನೂರನೆಯ ಹುಟ್ಟುಹಬ್ಬದ ವರ್ಷ ಅದೇ ಬ್ರಿಟನ್, ತನ್ನ ರಾಣಿಯ ತಲೆಯ ಪಕ್ಕದಲ್ಲಿ ಗಾಂಧೀಜಿಯ ಮುಖವನ್ನಿಟ್ಟು ಚೀಟಿ ತಂದಿತು. ಅದನ್ನು ಬಿಡಿಸಿದ ಬಿಮನ್ ಮಲ್ಲಿಕ್ ಭಾರತ ಮೂಲದವರು. ನನ್ನ ಸಂಗ್ರಹದಲ್ಲಿ ಮಕ್ಕಳಿಗೆ ತೋರಿಸಲು ನಾನು ಮೊದಲು ತೆಗೆಯುವುದು ಅದನ್ನು.

ಬಣ್ಣಕ್ಕೂ ಒಂದು ಕಾಲದಲ್ಲಿ ಅರ್ಥವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂಚೆ ಒಕ್ಕೂಟ ಹೊರದೇಶದ ಮುದ್ರಿತ ಕಾಗದಕ್ಕೆ ಹಸಿರು, ಕಾರ್ಡಿಗೆ ಕೆಂಪು, ಪತ್ರಕ್ಕೆ ನೀಲಿ ಎಂದು ಗೊತ್ತುಮಾಡಿತ್ತು. ಭಾಷೆ ಬಾರದ ದೇಶದ ಗುಮಾಸ್ತನಿಗೂ ಸರಿಯಾದ ಹಣ ತೆತ್ತಿದ್ದಾರೆಯೇ ಎಂದು ನೋಟದಲ್ಲೇ ತಿಳಿಯಲಿ ಎಂದು. ಅಜ್ಜಂದಿರ ಕಾಲದ ಹೊರದೇಶದ ಕಾರ್ಡುಗಳಲ್ಲಿ ಕೆಂಪು ಚೀಟಿ ಅಷ್ಟೊಂದು ಕಾಣುವುದಕ್ಕೆ ಇದೇ ಕಾರಣ.

ಜರ್ಮನಿಯ 1923ರ ಚೀಟಿಗಳನ್ನು ಕಾರ್ಡಿನ ಸಮೇತ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಬೆಲೆಯೇರಿಕೆ ಕೈಮೀರಿ, ಹೊಸದಾಗಿ ಅಚ್ಚುಹಾಕುವಷ್ಟು ಪುರುಸೊತ್ತೂ ಇಲ್ಲದೆ, ಹಳೆಯ ಚೀಟಿಗಳ ಮೇಲೇ ಸಾವಿರ, ಲಕ್ಷ, ಕೋಟಿಗಳ ಕಪ್ಪು ಅಕ್ಷರ ಒತ್ತಿ ಮಾರಿದ ವರ್ಷ ಅದು. ಕೊನೆಗೆ 5,000 ಕೋಟಿ ಮಾರ್ಕ್ ಮುಖಬೆಲೆಯ ಚೀಟಿಯೂ ಬಂತು. ಬಿಡಿಚೀಟಿಯಾಗಿ ಇವುಗಳಲ್ಲಿ ಎಷ್ಟೋ ಇಂದಿಗೂ ಅಗ್ಗ. ಆದರೆ ಅದೇ ಚೀಟಿ, ಯಾರೋ ತಂಗಿಗೆ ಬರೆದ ಕಾರ್ಡಿನ ಮೇಲೆ, ಆ ಶರತ್ಕಾಲದ ತಾರೀಖಿನ ಠಸ್ಸೆಯೊಂದಿಗೆ ಇದ್ದರೆ, ಒಂದು ಮನೆಯವರು ಒಂದು ಕುಶಲಪ್ರಶ್ನೆಗೆ ಎಷ್ಟು ತೆತ್ತರು ಎಂಬುದು ಕಣ್ಣೆದುರಿಗೆ ಇರುತ್ತದೆ. ಸಂಗ್ರಹಕಾರರೂ ಅಂಚೆಯಲ್ಲಿ ನಿಜವಾಗಿ ಓಡಾಡಿದ ಇಡೀ ಕಾರ್ಡಿಗೆ ಬಿಡಿಚೀಟಿಗಿಂತ ಹೆಚ್ಚು ಕೊಡುತ್ತಾರೆ, ಯಾಕೆಂದರೆ ಕತ್ತರಿಯಿಂದ ಉಳಿದವು ಕಡಿಮೆ.

ಪ್ರಯಾಣ ಮಾಡದ ಚೀಟಿಗೆ ಬೆಲೆಯೇ ಇಲ್ಲವೇ ಎಂದರೆ, ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ ಕಥೆ ನನ್ನನ್ನು ತಡೆಯುತ್ತದೆ. ಅವರು ನ್ಯೂಯಾರ್ಕಿನಲ್ಲಿ ಹುಡುಗನಾಗಿದ್ದಾಗ ಕೂಡಿಟ್ಟಿದ್ದ ಚೀಟಿಗಳಲ್ಲಿ ತನ್ನು ತುವಾ ಎಂಬ ದೇಶದವು ಇದ್ದವು: ತ್ರಿಕೋನ, ವಜ್ರದಾಕಾರದ ಕಾಗದದಲ್ಲಿ ಒಂಟೆ, ಕುದುರೆ ಸವಾರರು, ಬೇಟೆಗಾರರು. ಸೈಬೀರಿಯಾ ಮತ್ತು ಮಂಗೋಲಿಯಾ ನಡುವಿನ ಆ ದೇಶ 1921ರಿಂದ 1944ರವರೆಗೆ ಹೆಸರಿಗೆ ಸ್ವತಂತ್ರವಾಗಿತ್ತು, ಆಮೇಲೆ ಸೋವಿಯತ್ ಒಕ್ಕೂಟದಲ್ಲಿ ಸೇರಿಹೋಯಿತು. 1930ರ ದಶಕದ ಅದರ ಚೀಟಿಗಳು ಹೆಚ್ಚಾಗಿ ಮಾಸ್ಕೋದಲ್ಲಿ ಅಚ್ಚಾಗಿ ನೇರವಾಗಿ ಹೊರದೇಶದ ಸಂಗ್ರಹಕಾರರಿಗೆ ಮಾರಾಟವಾದಂಥವು. ಪತ್ರ ಹೊತ್ತದ್ದು ಅಪರೂಪ. 1977ರಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ಫೈನ್‌ಮನ್ ಗೆಳೆಯ ರಾಲ್ಫ್ ಲೇಟನ್‌ನನ್ನು ಕೇಳಿದರು, ಆ ತನ್ನು ತುವಾ ಏನಾಯಿತು ಎಂದು. ನಕ್ಷೆ ತೆಗೆದು ನೋಡಿದರೆ ರಾಜಧಾನಿ ಕೀಝೀಲ್. ಅಲ್ಲಿಗೆ ಹೋಗಲೇಬೇಕೆಂದು ಇಬ್ಬರೂ ತೀರ್ಮಾನಿಸಿದರು. ಶೀತಲ ಸಮರದ ಕಾಲದಲ್ಲಿ ಪರವಾನಗಿಗಾಗಿ ವರ್ಷಗಟ್ಟಲೆ ಓಲೆ ಬರೆದರು, ತುವಾ ಭಾಷೆಯ ವಾಕ್ಯಗಳನ್ನು ಕಲಿತರು, ಆ ನಾಡಿನ ಗಂಟಲ ಗಾಯನದ ಧ್ವನಿಮುದ್ರಣ ಹುಡುಕಿದರು. ಫೈನ್‌ಮನ್ 1988ರ ಫೆಬ್ರುವರಿ 15ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಸೋವಿಯತ್ ಕಡೆಯಿಂದ ಬರಬೇಕಿದ್ದ ಒಪ್ಪಿಗೆಯ ಪತ್ರ ಬಂದದ್ದು ಆಮೇಲೆ. ಮುಂದೆ 2009ರಲ್ಲಿ ಮಗಳು ಮಿಶೆಲ್ ತಂದೆಯ ಬದಲಿಗೆ ಅಲ್ಲಿಗೆ ಹೋಗಿಬಂದರು. ಯಾವ ಕಾರ್ಡಿನ ಮೇಲೂ ಕೂರದ ಒಂದು ಚೀಟಿ ಐವತ್ತು ವರ್ಷ ಒಬ್ಬರ ಮನಸ್ಸಿನಲ್ಲಿ ಕೂತಿತ್ತು.

ಅಂಚೆಚೀಟಿಯನ್ನೇ ನಂಬಿದ ಪುಟ್ಟ ನಾಡುಗಳೂ ಇವೆ. ಶಾಂತಸಾಗರದ ಪಿಟ್‌ಕೇರ್ನ್ ದ್ವೀಪದಲ್ಲಿ ಇರುವವರು ಐವತ್ತರ ಆಸುಪಾಸು. 1940ರಲ್ಲಿ ತಮ್ಮದೇ ಚೀಟಿ ತಂದು, ಅದನ್ನು ಮಾರಿ ಬಂದ ಹಣದಿಂದ ಅವರು ಶಾಲೆ ಕಟ್ಟಿಕೊಂಡರು. ನಮ್ಮ ನೆರೆಯ ಭೂತಾನ್ 1973ರಲ್ಲಿ ಗ್ರಾಮಫೋನಿನ ಮೇಲಿಟ್ಟರೆ ಹಾಡುವ ಚೀಟಿಗಳನ್ನು ತಂದಿತು. ಅವುಗಳಲ್ಲಿ ಆ ದೇಶದ ರಾಷ್ಟ್ರಗೀತೆ, ಜನಪದ ಗೀತೆಗಳು ಇದ್ದವು. ದೂರದ ದೇಶಗಳು ತನ್ನನ್ನು ನೋಡಲೆಂದು ಆ ಪುಟ್ಟ ರಾಜ್ಯ ಪಟ್ಟ ಪಾಡು ನನಗೆ ಬಹಳ ಆಪ್ತವಾಗಿ ಕಾಣುತ್ತದೆ.

ನಾವು ಕಳಿಸುವ ಕಾರ್ಡಿಗೂ ಇದೇ ಕಾಳಜಿಯಿಂದ ಚೀಟಿ ಆರಿಸಬೇಕು. ಕೌಂಟರಿನಲ್ಲಿ ಮೊದಲು ಸಿಕ್ಕಿದ್ದನ್ನು ಹಚ್ಚುವ ಬದಲು ದೊಡ್ಡ ಊರುಗಳ ಫಿಲಾಟೆಲಿ ಬ್ಯೂರೊದಲ್ಲಿ ಕೇಳಿದರೆ ಸ್ಮರಣಾರ್ಥ ಚೀಟಿಗಳು ಮುಖಬೆಲೆಗೇ ಸಿಗುತ್ತವೆ. 2006ರ ಡಿಸೆಂಬರಿನಲ್ಲಿ ನಮ್ಮ ಅಂಚೆ ಇಲಾಖೆ ಶ್ರೀಗಂಧದ ಪರಿಮಳದ 15 ರೂಪಾಯಿ ಚೀಟಿ ತಂದಿತ್ತು. ಕಾಫಿಯ ಪರಿಮಳದ್ದು 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಸ್ವತಂತ್ರ ಭಾರತದ 1949ರ ಮೊದಲ ಸ್ಮಾರಕ ಸರಣಿಯಲ್ಲಿ ಆರಾಣೆ ಚೀಟಿಯ ಮೇಲಿದ್ದದ್ದು ವಿಜಯಪುರದ ಗೋಲಗುಮ್ಮಟ. ವಿಜಯಪುರ ಜಿಲ್ಲೆಯ ಹುಡುಗನೊಬ್ಬ ಆ ಚೀಟಿಯ ಚಿತ್ರವನ್ನು ತನ್ನ ಕಾರ್ಡಿನಲ್ಲಿ ಬಿಡಿಸಿ, 'ಇದರ ಒಳಗೆ ನಿಂತು ಕೂಗಿದರೆ ಮಾತು ಎಷ್ಟೋ ಸಲ ಮರಳಿ ಬರುತ್ತದೆ' ಎಂದು ಬರೆದರೆ ಅದಕ್ಕಿಂತ ಒಳ್ಳೆಯ ಕಾರ್ಡು ಇನ್ನಾವುದು! ಕೆಲವು ಪ್ರವಾಸಿ ತಾಣಗಳ ಅಂಚೆ ಕಚೇರಿಗಳಲ್ಲಿ ಆ ಊರಿನ ಚಿತ್ರವೇ ಇರುವ ಠಸ್ಸೆ ಇರುತ್ತದೆ, ಕೇಳಿದರೆ ಹಾಕಿಕೊಡುತ್ತಾರೆ. ಕಾರ್ಡನ್ನು ಡಬ್ಬಿಗೆ ಹಾಕುವುದಕ್ಕಿಂತ ಕೌಂಟರಿನಲ್ಲೇ ಕೊಟ್ಟು, ಚೀಟಿಯ ಅಂಚಿಗೆ ತಾಗುವಂತೆ ಸ್ವಚ್ಛವಾಗಿ ಠಸ್ಸೆ ಹಾಕಿ ಎಂದು ವಿನಂತಿಸುವುದು ಒಳ್ಳೆಯದು. ಪುರುಸೊತ್ತಿನ ಹೊತ್ತು ನೋಡಿ ಹೋದರೆ ಅಂಚೆಯವರು ಸಂತೋಷದಿಂದಲೇ ಮಾಡುತ್ತಾರೆ.

'ಇದಕ್ಕೆಲ್ಲ ಎಷ್ಟು ರೇಟು ಬರುತ್ತೆ?' ಎಂದು ನೆಂಟರು ಕೇಳುತ್ತಾರೆ. ಅವರ ತಲೆಯಲ್ಲಿರುವುದು ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಚೀಟಿ. 1873ರಲ್ಲಿ ಹನ್ನೆರಡು ವರ್ಷದ ಹುಡುಗನಿಗೆ ಮನೆಯ ಹಳೆ ಕಾಗದಗಳಲ್ಲಿ ಸಿಕ್ಕಿದ ಆ ಒಂದೇ ಒಂದು ಚೀಟಿ 2014ರಲ್ಲಿ 95 ಲಕ್ಷ ಡಾಲರಿಗೆ ಹರಾಜಾಯಿತು. 2021ರಲ್ಲಿ ಮತ್ತೆ ಮಾರಿದಾಗ 83 ಲಕ್ಷ. ಅಂಥದ್ದು ಜಗತ್ತಿಗೆ ಒಂದು. ಹಣ ಮಾಡಲು ಹೊರಟವರಿಗೆ ಬೇರೆ ದಾರಿಗಳಿವೆ. ಕೆಲವು ದೇಶಗಳು ಸಂಗ್ರಹಕಾರರಿಗೆಂದೇ ರಾಶಿ ರಾಶಿ ಚೀಟಿ ಅಚ್ಚುಹಾಕಿ, ಅಂಟೂ ಅಳಿಯದ ಹಾಳೆಗಳಿಗೆ ಮೊದಲೇ ಠಸ್ಸೆ ಒತ್ತಿ, ಪೊಟ್ಟಣಗಳಲ್ಲಿ ಮಾರುತ್ತವೆ. ಮಕ್ಕಳಿಗೆ ಬಣ್ಣದ ಚಿತ್ರ ನೋಡುವ ಖುಷಿಗೆ ಅವು ಸಾಕು, ಬೇಡ ಎನ್ನುವುದಿಲ್ಲ. ಅವುಗಳೆದುರು ಗಡಿಬಿಡಿಯಲ್ಲಿ ವಾರೆಯಾಗಿ ಹಚ್ಚಿದ, ಮಳೆಯಲ್ಲಿ ಒಂದು ಅಂಚು ನೆನೆದ, ಪೋಸ್ಟ್‌ಮ್ಯಾನ್ ಮನೆ ಸಂಖ್ಯೆಯನ್ನು ಪೆನ್ನಿನಿಂದ ತಿದ್ದಿದ ಕಾರ್ಡನ್ನು ಇಟ್ಟು ನೋಡಿ. ಮಕ್ಕಳು ಯಾವುದನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆಂದು ನಾನು ನೋಡಿ ತಿಳಿದಿದ್ದೇನೆ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯ ವಿಳಾಸ ಹೊರಗಿನವರಿಗೆ ಹೋಗುತ್ತದೆ, ಕಾರ್ಡಿಗೆ ಕವರಿಲ್ಲ, ಬರೆದದ್ದನ್ನು ದಾರಿಯಲ್ಲಿ ಯಾರಾದರೂ ಓದಬಹುದು. ಆದ್ದರಿಂದ ಚಿಕ್ಕವರು ಹಿರಿಯರ ಹೆಸರಿನಲ್ಲಿ, ಹಿರಿಯರ ಕಣ್ಣೆದುರಿಗೇ ಬರೆಯಲಿ. ಶಾಲೆಗಳು ತಮ್ಮ ವಿಳಾಸದಿಂದಲೇ ಮಾಡಿದರೆ ಇನ್ನೂ ಒಳ್ಳೆಯದು. ತರಗತಿಯ ಗೋಡೆಯ ಮೇಲೆ ಜಗತ್ತಿನ ನಕ್ಷೆ ಹಾಕಿ, ಕಾರ್ಡು ಬಂದ ಊರಿಗೆ ಗುಂಡುಪಿನ್ನು ಚುಚ್ಚುವ ಮೇಷ್ಟ್ರಿಗೆ ಭೂಗೋಳದ ಪಾಠ ಅರ್ಧ ಮುಗಿದಂತೆ. ಕಾರ್ಡು ಬರುವುದಕ್ಕೆ ಮೂರು ವಾರವೂ ಆಗಬಹುದು, ಮೂರು ತಿಂಗಳೂ ಆಗಬಹುದು. 2020ರಲ್ಲಿ ವಿಮಾನಗಳು ನಿಂತಾಗ ಎಷ್ಟೋ ಕಾರ್ಡುಗಳು ತಿಂಗಳುಗಟ್ಟಲೆ ದಾರಿಯಲ್ಲೇ ಉಳಿದವು. ಅಷ್ಟು ಕಾಯುವುದನ್ನು ಕಲಿಸುವ ಬೇರೆ ಯಾವ ವಸ್ತುವೂ ಈಗಿನ ಮಕ್ಕಳ ಕೈಯಲ್ಲಿ ಇಲ್ಲ.

ಬಂದ ಮೇಲೆ ಕಾಪಾಡುವುದು ನಮ್ಮ ಹವೆಯಲ್ಲಿ ದೊಡ್ಡ ಕೆಲಸ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಚೀಟಿಯ ಮೇಲೆ ಕಂದು ಚುಕ್ಕೆ ಏಳುತ್ತದೆ. ಬಳಸದ ಚೀಟಿಯಾದರೆ ಹಿಂದಿನ ಅಂಟು ಸಡಿಲಗೊಂಡು ಪುಟಕ್ಕೇ ಅಂಟಿಕೊಳ್ಳುತ್ತದೆ. ಆಲ್ಬಮ್‌ಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಿ. ಹೊಳೆಯುವ, ವಾಸನೆ ಬರುವ ಅಗ್ಗದ ಪಿವಿಸಿ ಜೇಬುಗಳು ಕೆಲವೇ ವರ್ಷಗಳಲ್ಲಿ ಶಾಯಿಯನ್ನು ಎಳೆದುಕೊಳ್ಳುತ್ತವೆ, ಅವು ಬೇಡ. ಬಿಸಿಲಿನ ದಿನ ಪುಟ ತೆರೆದು ನೆರಳಿನಲ್ಲಿ ಗಾಳಿಯಾಡಿಸಿ. ಬಿಡಿಚೀಟಿಯನ್ನು ಬೆರಳಿನಿಂದ ಮುಟ್ಟದೆ ಚಿಮುಟದಿಂದ ಹಿಡಿಯಿರಿ. ಕತ್ತರಿಸಲೇಬೇಕಾದ ಹಳೆ ಕವರು ಸಿಕ್ಕರೆ ಸುತ್ತ ಅರ್ಧ ಬೆರಳಷ್ಟು ಕಾಗದ ಬಿಟ್ಟು, ಠಸ್ಸೆಯ ದುಂಡು ಪೂರ್ತಿ ಉಳಿಯುವಂತೆ ಕತ್ತರಿಸಿ. ಹೊಸ ಕಾಲದ ಸ್ಟಿಕ್ಕರ್ ಚೀಟಿಗಳಲ್ಲಿ ಎಷ್ಟೋ ನೀರಿಗೆ ಬಿಡುವುದೇ ಇಲ್ಲ, ಎಳೆದರೆ ಹರಿಯುತ್ತವೆ. ಕಾರ್ಡನ್ನು ಇಡಿಯಾಗಿ ಇಡಲು ಅದೂ ಒಂದು ಕಾರಣ.

ಜೋಡಿಸುವ ಕ್ರಮವನ್ನು ಅವರವರ ಇಷ್ಟಕ್ಕೆ ಬಿಡಬಹುದು. ಕೆಲವರು ದೇಶದ ಪ್ರಕಾರ, ಕೆಲವರು ಹಕ್ಕಿ, ದೀಪಸ್ತಂಭ, ರೈಲು ಎಂದು ವಿಷಯದ ಪ್ರಕಾರ ಇಡುತ್ತಾರೆ. ನನ್ನದು ಬಂದ ದಿನದ ಪ್ರಕಾರ. ಹಾಗೆ ಇಟ್ಟರೆ ಲಿಥುವೇನಿಯಾದ ಪಕ್ಕ ಮಲೇಷ್ಯಾ ಬರುತ್ತದೆ, ಆ ವಾರ ಮನೆಯಲ್ಲಿ ಏನು ನಡೆದಿತ್ತೆಂಬುದೂ ನೆನಪಾಗುತ್ತದೆ. ಹೊರಟ ದಿನ ಠಸ್ಸೆಯಲ್ಲಿರುತ್ತದೆ. ಬಂದ ದಿನವನ್ನು ಕಾರ್ಡಿನ ಮೇಲೆ ಒತ್ತುವ ರೂಢಿ ಈಗ ಹೆಚ್ಚಿನ ಅಂಚೆ ಕಚೇರಿಗಳಲ್ಲಿ ಇಲ್ಲ. ಹಾಗಾಗಿ ಪೋಸ್ಟ್‌ಮ್ಯಾನ್ ಕೊಟ್ಟು ಹೋದ ದಿನವೇ, ಬೇರೇನು ಮಾಡುವ ಮೊದಲು, ಹಿಂಬದಿಯ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಸಣ್ಣಗೆ ತಾರೀಖು ಹಾಕಿಬಿಡಿ. ಪೆನ್ನು ಬೇಡ, ಶಾಯಿ ಮುಂದಿನ ಬದಿಗೆ ಇಳಿಯುತ್ತದೆ.